ಕಾಕಾ, ಪಂಡಿತರು ಮತ್ತ ಆರು ಚೀಲ ಮೆಣಸಿನಕಾಯಿ

ರೇಡಿಯೋ ಸ್ಟುಡಿಯೋದಾಗ ಮೈಕ್ ಚಾಲೂ ಆತಂತ ತೋರಸೂ ಕೆಂಪು ದೀಪ ಹತ್ತೂತನಾ ಎಲ್ಲಾ ಬರೋಬ್ಬರಿ ಇರತೈತಿ. ದೀಪ ಹತ್ತಿತು ಅಂದ್ರ ಏನರೆ ಒಂದು ಆಗೇ ಆಗತೈತಿ. ಹನ್ನೆರಡು ವರ್ಷ ನಾ ಆ ದೀಪದ ಕೆಳಗ ಕುಂತೇನಿ, ಒಂದು ವಾರಾನೂ ಸುಮ್ನ ಹೋಗಿಲ್ಲ. ಇಂಥಾವೆಲ್ಲಾ ನಿಮಗ ಯಾಕ ಆಗತಾವ್ರಿ ಅಂತ ಮಂದಿ ಕೇಳ್ತಾರ. ನನಗೇನು ಗೊತ್ತು? ನಾ ಹೋಗೂದ್ರಾಗ ಅವು ಮೊದಲ ಹೋಗಿ ಕುಂತಿರತಾವ.

ಆಣೆ ಹೋಗಿ ನಯೇಪೈಸಾ ಬಂದು ಮೂರ್ನಾಕು ವರ್ಷ ಆಗಿತ್ತು. ಧಾರವಾಡದ ರೇಡಿಯೋ ಸ್ಟೇಷನ್ನಿನ್ಯಾಗ ದಿನಾ ಸಂಜಿಮುಂದ ಹಳ್ಳಿ ಮಂದಿಗೆ ಅಂತ ಒಂದು ಕಾರ್ಯಕ್ರಮ ಇರ್ತಿತ್ತು. ಅದರಾಗ ನಾ 'ಕಾಕಾ'. ಊರ ಕಟ್ಟಿ ಮ್ಯಾಲೆ ಕುಂತು ಬಂದವರನ್ನೆಲ್ಲಾ ಕೆಣಕಿ ನಗಸೂ ಮುದುಕ. ಖರೇ ಅಂದ್ರ ಆವಾಗ ನನಗ ಮೂವತ್ತೊಂದು. ಕರಾರು ಮೂರು ತಿಂಗಳದ್ದು. ಮೂರು ತಿಂಗಳಿಗೊಮ್ಮೆ ಸ್ಟೇಷನ್ನಿನ ಸಾಹೇಬರು ಸಹಿ ಹಾಕಿದ್ರ ಕಾಕಾ ಉಳದ, ಇಲ್ಲಂದ್ರ ಕಾಕಾನ್ನ ಹೊಲಕ್ಕ ಕಳಿಸಿಬಿಟ್ಟೇವಿ ಅಂತ ಹಳ್ಳಿ ಮಂದಿಗೆ ಹೇಳಿದ್ರ ಮುಗೀತು. ಹಿಂಗಾಗಿ ನನಗ ಎಲ್ಲೂ ನೆಟ್ಟಗ ಕುಂದ್ರಾಕ ಆಗ್ತಿರ್ಲಿಲ್ಲ. ಬಸ್ಸಿನ್ಯಾಗ ಸೀಟ ಸಿಕ್ಕರೂ ನಿಂತ ಹೋಗ್ತಿದ್ನಿ. ಸ್ಟುಡಿಯೋದಾಗ ನನ್ನ ಕುರ್ಚಿ ಕಿರ್ ಅಂತೈತಿ ಅಂತ ಮೂರು ಕುರ್ಚಿ ಬದಲಾಸಿದ್ರು. ನಾಕನೇದಕ್ಕ ಇಂಜಿನಿಯರ್ ಬಂದು ಕೆಳಗ ಬಗ್ಗಿ ನೋಡಿ, ದೋಷ ಕುರ್ಚಿಯೊಳಗಿಲ್ಲ, ಕುಂತಾವನೊಳಗ ಐತಿ ಅಂತ ಬರದು ಹೋದ್ರು.

ಮನಿ ಹುಬ್ಬಳ್ಳಿ ಕಮರಿಪೇಟಿಯೊಳಗ, ಎರಡು ಖೋಲಿ. ಸುತ್ತಲ ಹಳ್ಳಿಯೊಳಗೆಲ್ಲಾ ನನ್ನ ದನಿ ಕೇಳ್ತಿತ್ತು, ನನ್ನ ಮನ್ಯಾಗ ಅಷ್ಟ ಕೇಳ್ತಿರ್ಲಿಲ್ಲ. ರೇಡಿಯೋ ತಗೊಳ್ಳೂವಷ್ಟು ಪಗಾರ ರೇಡಿಯೋದವರು ಕೊಡ್ತಿರ್ಲಿಲ್ಲ.

ನಗಲೇನ್ರಿ?

ನಮ್ಮಲ್ಲಿ ಒಂದು ಪದ್ಧತಿ. ಮೈಕಿನ ಮುಂದ ಏನು ಮಾತಾಡಬೇಕೋ ಅದನ್ನ ಮೊದಲ ಬರೀಬೇಕು. ಪ್ರತಿ ಹಾಳಿ ಕೆಳಗ ಸಾಹೇಬರ ಸಣ್ಣ ಸಹಿ ಬೀಳಬೇಕು. ಆಮ್ಯಾಲೆ ಅದನ್ನ, ಈಗಷ್ಟ ಹೊಳದಂಗ ಮಾಡಿ ಓದಬೇಕು. ಎದುರಿಗಿದ್ದಾಂವ 'ಹೌದ್ರಿ' ಅನ್ನೂದಿದ್ರೂ ಬರದ ಅನ್ನಬೇಕು.

ಒಮ್ಮೆ ಛಲೋ ಜೋಳ ಬೆಳದ ಒಬ್ಬ ರೈತನ್ನ ಕರಸಿದ್ರು. ಧೋತರ ಮಡಿ ಮಾಡಿಕೊಂಡು, ಹೊಸಾ ರುಮಾಲು ಸುತ್ತಿಕೊಂಡು ಬಂದಿದ್ದ. ಓದಾಕ ಬರ್ತಿತ್ತು, ಆದ್ರ ಬಿಡಿಸಿ ಬಿಡಿಸಿ. ನಮ್ಮಿಬ್ಬರ ಮಾತು ಹಾಳಿ ಮ್ಯಾಲೆ ಬರದು ಅವನ ಕೈಯಾಗ ಕೊಟ್ಟಿದ್ವಿ. ಒಂದು ಕಡೆ, 'ಈಗ ಕಾಕಾ ಒಂದು ನಗೆಮಾತು ಹೇಳುವನು, ರೈತ ನಗಬೇಕು' ಅಂತ ಇತ್ತು. ದೀಪ ಹತ್ತಿತು. ಬೀಜ ಆತು, ಗೊಬ್ಬರ ಆತು, ಆ ಜಾಗಾ ಬಂತು. ನಾ ಬಾಯಿ ತಗಿಯೂದ್ರೊಳಗ ರೈತ ದೊಡ್ಡ ದನೀಲೆ "ರೈತ ನಗಬೇಕು" ಅಂತ ಓದಿ ನನ್ನ ಮಾರಿ ನೋಡಿದ. ನೋಡಿ, "ಈಗ ನಗಲೇನ್ರಿ? ನೀವಿನ್ನೂ ಹೇಳೇ ಇಲ್ಲಲ್ಲ" ಅಂದ.

ಆವತ್ತು ನನಗ ಮುಂದ ಒಂದು ಅಕ್ಷರ ಓದಾಕ ಆಗ್ಲಿಲ್ಲ. ಗಾಜಿನ ಆಚೆಕಡೆ ಇಂಜಿನಿಯರ್ ಟೇಬಲ್ಲಿನ ಕೆಳಗ ಕುಂತುಬಿಟ್ಟಿದ್ರು. ಮರುದಿನ ಸಾಹೇಬರು ಕರದ್ರು. ಅವರು ನಗೂದನ್ನ ನಾ ಕಂಡಿಲ್ಲ. 'ನಗಲೇನ್ರಿ' ಅನ್ನೂ ಮಾತು ಹಾಳಿಯೊಳಗ ಎಲ್ಲೈತಿ ಅಂತ ಕೇಳಿದ್ರು. ಇಲ್ರಿ ಸಾಹೇಬರ, ಪಾಪ ಪರವಾನಗಿ ಕೇಳಿದ ಅಂದ್ನಿ. ಸಾಹೇಬರು ಹಾಳಿ ಹೊಳ್ಳಿಸಿ ಹೊಳ್ಳಿಸಿ ನೋಡಿದ್ರು. ಪರವಾನಗಿ ಕೇಳಿದ್ದು ಭಾಳ ಛಲೋ ಆತು, ಆದ್ರ ಕೇಳೂದನ್ನ ಬರಕೊಂಡು ಕೇಳಬೇಕಾಗಿತ್ತು ಅಂದ್ರು.

ನಮಗೆ ಬಂದಿರುವ ವರದಿಗಳ ಪ್ರಕಾರ

ಇದೇ ಸ್ಟೇಷನ್ನಿಗೆ ಹದಿನೈದು ದಿವಸಕ್ಕೊಮ್ಮೆ ಧಾರಣಿ ಪಂಡಿತರು ಬರ್ತಿದ್ರು. ಹುಬ್ಬಳ್ಳಿಯವರ. ಕರೀ ಕೋಟು, ಜರಿ ಅಂಚಿನ ರುಮಾಲು, ಕಿಸೆದಾಗ ಎರಡು ಪೆನ್ನು. ಹತ್ತಿ, ಶೇಂಗಾ, ಮೆಣಸಿನಕಾಯಿ ಧಾರಣಿ ಏರತೈತೋ ಇಳಿತೈತೋ ಅನ್ನೂದು ಅವರ ವಿಷಯ. ವಾರಪತ್ರಿಕೆಯೊಳಗ ಬರೀತಿದ್ರು, ನಮ್ಮಲ್ಲಿ ಭಾಷಣ ಮಾಡ್ತಿದ್ರು. ಒಂದು ವರ್ಷ ಅವರು ಹತ್ತಿ ಏರತೈತಿ ಅಂದಿದ್ರು, ಹತ್ತಿ ಏರಿತ್ತು. ಅದರ ಹಿಂದಿನ ವರ್ಷ ಏನಂದಿದ್ರು ಅಂತ ಯಾರೂ ಕೇಳ್ಲಿಲ್ಲ.

ಅವರ ಬಾಯಾಗ ಆಕಡೆ ಅಂಕಿನೂ ಬರ್ತಿರ್ಲಿಲ್ಲ, ಈಕಡೆ ತಾರೀಖೂ ಬರ್ತಿರ್ಲಿಲ್ಲ. 'ಮೆಣಸಿನಕಾಯಿಯ ಭವಿಷ್ಯವು ಉಜ್ವಲವಾಗಿದ್ದು, ಬಾಂಧವರು ಕೆಲಕಾಲ ತಾಳ್ಮೆ ವಹಿಸತಕ್ಕದ್ದು' ಅನ್ನೂದು. ಕೇಳಿದವರಿಗೆ ತಾವೂ ನಾಕು ಬುಕ್ಕು ಓದಿದಂಗ ಆಗ್ತಿತ್ತು.

ಒಂದಿನ ನಾ ಸುಮ್ನಿರಲಾರದ ವರಾಂಡದಾಗ ಅಡ್ಡಾಡಾಕತ್ತಿದ್ನಿ. ಪಂಡಿತರು ಕಂಬದ ಹಿಂದ ನಮ್ಮ ಸಿಪಾಯಿಗೆ ಏನೋ ಕೇಳಾಕತ್ತಿದ್ರು. ಹುಬ್ಬಳ್ಳಿ ಪ್ಯಾಟ್ಯಾಗ ಇವತ್ತು ಮೆಣಸಿನಕಾಯಿ ಹೆಂಗೈತೋ ತಮ್ಮಾ ಅಂತ. ಸಿಪಾಯಿ ತಲಿ ಕೆರಕೊಂಡು, ಛಲೋ ಐತಿ ಅಂತಾರ್ರಿ, ನಾ ಏನು ಹೋಗಿಲ್ಲ ಅಂದ. ಪಂಡಿತರು ಎರಡನೇ ಪೆನ್ನು ತಗದು ಬರಕೊಂಡ್ರು. ಐದು ಮಿನಿಟ ಆದ ಮ್ಯಾಲೆ ದೀಪ ಹತ್ತಿತು. "ನಮಗೆ ಬಂದಿರುವ ಖಚಿತ ವರದಿಗಳ ಪ್ರಕಾರ" ಅಂತ ಚಾಲೂ ಮಾಡಿದ್ರು.

ನಾ ಇದನ್ನ ಸಿಪಾಯಿಗೆ ಹೇಳಿ ನಗಬೇಕು ಅಂತ ಮರುದಿನ ಹುಡುಕಿದ್ನಿ. ಅವ ಆವತ್ತು ರಜಾ ಹಾಕಿದ್ದ. ಪಂಡಿತರ ಭಾಷಣ ಕೇಳಿ ಎರಡು ಚೀಲ ಮೆಣಸಿನಕಾಯಿ ತರಾಕ ಪ್ಯಾಟಿಗೆ ಹೋಗಿದ್ದ.

ಮನಿಗೆ ಬಂದ ಚೀಲ

ಸಿಪಾಯಿಗೆ ನಕ್ಕೆ. ಆದ್ರ ನನ್ನ ಮನ್ಯಾಗ ಏನು ನಡದಿತ್ತು ಅನ್ನೂದು ನನಗ ಗೊತ್ತಿರ್ಲಿಲ್ಲ.

ನಮ್ಮ ಓಣಿ ತುದಿಗೆ ಒಬ್ಬ ಸಾವುಕಾರರದು ಅಡತಿ ಅಂಗಡಿ. ರೈತರ ಮಾಲು ತಗೊಂಡು ಮಾರೂದು ಅವರ ಧಂದೆ. ಅಂಗಡಿಯೊಳಗ ದೊಡ್ಡ ರೇಡಿಯೋ ಇತ್ತು. ಸಂಜಿಮುಂದ ಓಣಿ ಹೆಣ್ಣುಮಕ್ಕಳು ಎದುರಿನ ಕಟ್ಟಿ ಮ್ಯಾಲೆ ಕುಂತು ಕೇಳ್ತಿದ್ರು. ನಮ್ಮಾಕಿನೂ ದಿನಾ ಅಲ್ಲೇ ಕುಂತು ನನ್ನ ದನಿ ಕೇಳ್ತಿದ್ಲು. ಕಾಕಾ ಮುಗದ ಮ್ಯಾಲೆ ಪಂಡಿತರು ಬರ್ತಿದ್ರು.

ಒಂದಿನ ಮನಿಗೆ ಬಂದ್ನಿ, ಬಾಗಲಾ ಪೂರಾ ತಗಿಯಾಕ ಬರವಲ್ದು. ತುರುಕಿ ಒಳಗ ಹೋದ್ನಿ. ಹೊರಗಿನ ಖೋಲಿಯೊಳಗ ಆರು ಚೀಲ ಒಣ ಮೆಣಸಿನಕಾಯಿ. ನಮ್ಮಾಕಿ ಕೈ ನೋಡಿದ್ನಿ. ತವರುಮನಿಯವರು ಹಾಕಿದ್ದ ಬಂಗಾರದ ಪಾಟ್ಲಿ ಇರ್ಲಿಲ್ಲ, ಬರೇ ಹಸರು ಬಳಿ ಇದ್ವು. ಪಾಟ್ಲಿ ಮಾರಿ ಆ ಸಾವುಕಾರರ ಕಡಿಂದನ ಚೀಲ ತಗೊಂಡಿದ್ಲು.

ಏನು ಮಾಡಿದಿ ಇದನ್ನ ಅಂತ ಜೋರ ಮಾಡಿದ್ನಿ. ಅಕಿ ಒಂದು ಚೀಲದ ಬಾಯಿ ಬಿಗಿದು ಕಟ್ಟಿದ್ಲು. ಆಮ್ಯಾಲೆ, "ನಿಮ್ಮ ರೇಡಿಯೋದಾಗ ಹೇಳಿದ್ದು ಸುಳ್ಳಂತೀರೇನು?" ಅಂತ ಕೇಳಿದ್ಲು.

ಸುಳ್ಳು ಅಂದ್ರ ನಾ ತಿನ್ನೂ ರೊಟ್ಟೀನೂ ಸುಳ್ಳು. ಖರೇ ಅಂದ್ರ ಚೀಲ ಖರೇ. ಮುಂದಿಂದು ಅಕಿನ ಹೇಳಿದ್ಲು. ಧಾರಣಿ ಏರಿತಂದ್ರ ಪಾಟ್ಲಿ ತಿರುಗಿ ಬರತಾವ, ಮ್ಯಾಲೆ ಒಂದು ರೇಡಿಯೋನೂ ಬರತೈತಿ. ಗಂಡನ ದನಿ ಕೇಳಾಕ ಮಂದಿ ಕಟ್ಟಿ ಮ್ಯಾಲೆ ಯಾಕ ಕುಂದ್ರಬೇಕು ಅಂದ್ಲು. ನನ್ನ ಸಿಟ್ಟೆಲ್ಲಾ ಇಳೀತು. ಅಕಿ ಪಾಟ್ಲಿ ಬರಿಸಬೇಕು, ಹೆಂಗರೆ ಬರಿಸಬೇಕು ಅನ್ನೂದು ಆವತ್ತಿಂದ ತಲ್ಯಾಗ ಹೊಕ್ಕಿದ್ದು ಹೊರಗ ಹೋಗ್ಲಿಲ್ಲ.

ಮೆಣಸಿನಕಾಯಿ ಘಾಟಿಗೆ ಮೊದಲ ಬೆಕ್ಕು ಮನಿ ಬಿಡ್ತು. ಆಮ್ಯಾಲೆ ನಮ್ಮ ಸೋದರಮಾವ ಬಂದ್ರು. ಪ್ರತಿ ವರ್ಷ ಬಂದು ಹದಿನೈದು ದಿವಸ ಇರೂ ಮನಷ್ಯಾ. ಚೀಲದ ಮ್ಯಾಲೆ ಹಾಸಿಗಿ ಹಾಸಿಕೊಟ್ವಿ. ಮಧ್ಯಾಹ್ನದ ಬಸ್ಸಿಗೆ, ಕಣ್ಣಾಗ ನೀರು ಹಾಕ್ಕೊಂತ ಹೊಂಟ್ರು. ನಮ್ಮಾಕಿ ಬಾಗಲದಾಗ ನಿಂತು ಕಳಿಸಿ ಬಂದು, ಮೆಣಸಿನಕಾಯಿ ಲಾಭ ಚಾಲೂ ಆತು ನೋಡ್ರಿ ಅಂದ್ಲು.

ಬರದ ಕೆಮ್ಮು

ದಸರಾ ಹೋತು, ದೀಪಾವಳಿ ಹೋತು. ಧಾರಣಿ ಏರ್ಲಿಲ್ಲ, ಇಳೀತು. ಮಾರಿಬಿಡೋಣು ಅಂತ ಕೈ ಮುಗದ್ನಿ. ಪಂಡಿತರು ತಾಳ್ಮೆ ವಹಿಸಬೇಕು ಅಂದಾರ ಅಂತಾಳ ಅಕಿ. ಅಷ್ಟೊತ್ತಿಗೆ ಘಾಟು ನನ್ನ ಗಂಟಲಕ್ಕ ಇಳದಿತ್ತು. ಮನ್ಯಾಗ ಕೆಮ್ಮು, ಬಸ್ಸಿನ್ಯಾಗ ಕೆಮ್ಮು, ಮೈಕಿನ ಮುಂದನೂ ಕೆಮ್ಮು. ನನ್ನ ಕಡೆ ಇದ್ದದ್ದ ಒಂದು ಗಂಟಲ.

ಹಳ್ಳಿ ಮಂದಿ ಪ್ರೀತಿ ದೊಡ್ಡದು. ಕಾಕಾನ ಕೆಮ್ಮಿಗೆ ಅಂತ ಅಂಚಿಯೊಳಗ ಜೇಷ್ಠಮಧು ಬಂತು, ಕಾಡಸಿದ್ದಿಗಿ ಬೇರು ಅಂತ ಯಾವುದೋ ಬೇರು ಬಂತು. ಒಬ್ಬ ಅಜ್ಜಿ ಬರೆಸಿ ಕಳಿಸಿದ್ಲು, ಈ ವಯಸ್ಸಿನ್ಯಾಗ ಕಟ್ಟಿ ಮ್ಯಾಲೆ ಥಂಡಿಯೊಳಗ ಕುಂದ್ರಬ್ಯಾಡಪಾ, ಒಳಗ ಹೋಗಿ ಕುಂದ್ರು ಅಂತ. ಸಾಹೇಬರ ಪ್ರೀತಿ ಮಾತ್ರ ಬ್ಯಾರೆ ತರಾದ್ದು. ಕರದು ಹೇಳಿದ್ರು: ಸಂಕ್ರಾಂತಿ ತಿಂಗಳ ಅಖೇರಿಗೆ ನಿಮ್ಮ ಕರಾರು ಮುಗೀತೈತಿ. ಹಾಳಿಯೊಳಗ ಇಲ್ಲದ ಕೆಮ್ಮು ಇನ್ನ ನಡಿಯಂಗಿಲ್ಲ.

ನಾ ಅವತ್ತ ಕುಂತು ವಿಚಾರ ಮಾಡಿದ್ನಿ. ಹಾಳಿಯೊಳಗ ಇಲ್ಲದ್ದು ನಡಿಯಂಗಿಲ್ಲ ಅಂದ್ರ, ಇದ್ದದ್ದು ನಡೀತೈತಿ. ಮರುದಿನ ಹಾಳಿಗೆ ಎರಡು ಕಡೆ 'ಇಲ್ಲಿ ಕಾಕಾ ಕೆಮ್ಮುವನು' ಅಂತ ಬರದು ಒಯ್ದು ಕೊಟ್ಟೆ. ಸಾಹೇಬರು ಗಡಿಬಿಡಿಯೊಳಗ ಎಲ್ಲಾದಕ್ಕೂ ಸಹಿ ಹಾಕಿದ್ರು. ನನಗ ರಾಜ್ಯ ಗೆದ್ದಷ್ಟು ಖುಷಿ ಆತು.

ದೀಪ ಹತ್ತಿತು. ಒಂದು ತಿಂಗಳದಾಗ ಆವತ್ತೊಂದ ದಿವಸ ನನಗ ಕೆಮ್ಮು ಬರ್ಲಿಲ್ಲ. ಗಾಜಿನ ಆಚೆ ಸಾಹೇಬರು ಹಾಳಿ ಹಿಡಕೊಂಡು ನಿಂತಾರ, ಹಾಳಿಯೊಳಗ ಕೆಮ್ಮು ಐತಿ, ಗಂಟಲದಾಗ ಇಲ್ಲ. ಹಾಳಿ ಪ್ರಕಾರ ಸುಳ್ಳ ಸುಳ್ಳ ಕೆಮ್ಮಿದ್ನಿ. ಹೊರಗ ಬಂದ ಮ್ಯಾಲೆ ಸಾಹೇಬರು, ಕೆಮ್ಮು ಸ್ವಾಭಾವಿಕ ಆಗ್ಲಿಲ್ಲ, ಮುಂದಿನ ಸಲಾ ಪ್ರಾಕ್ಟೀಸ್ ಮಾಡಿಕೊಂಡು ಬರ್ರಿ ಅಂದ್ರು.

ಹನ್ನೊಂದು ಪ್ರಶ್ನಿ, ಹನ್ನೊಂದು ಉತ್ತರ

ಸಂಕ್ರಾಂತಿ ಮುಗದ ಮ್ಯಾಲೆ ರೈತರ ಪತ್ರ ಬರಾಕ ಚಾಲೂ ಆದ್ವು. ನಿಮ್ಮ ಪಂಡಿತರ ಮಾತು ಕೇಳಿ ಮಾಲು ಹಿಡದೇವಿ, ಇನ್ನ ಎಷ್ಟು ಹಿಡಿಯೂದು ಅಂತ. ಸಾಹೇಬರು ಒಂದು ಉಪಾಯ ತಗದ್ರು. ಕಾಕಾ ಪಂಡಿತರನ್ನ ಮಾತಾಡಿಸಲಿ. ಮಂದಿ ನಗತಾರ, ನಕ್ಕವರು ಪತ್ರ ಬರಿಯಂಗಿಲ್ಲ ಅಂದ್ರು.

ಹಾಳಿ ಪಂಡಿತರ ಬರದು ತಂದ್ರು. ಉತ್ತರ ಅಷ್ಟ ಅಲ್ಲ, ನನ್ನ ಪ್ರಶ್ನಿನೂ ಅವರ ಬರದಿದ್ರು. ಹನ್ನೊಂದು ಪ್ರಶ್ನಿ, ಎಲ್ಲಾ 'ಸನ್ಮಾನ್ಯರೇ' ಅಂತ ಚಾಲೂ. ತಮ್ಮ ಬಾಲ್ಯ ಹೇಗಿತ್ತು, ಈ ವಿದ್ಯೆ ತಮಗೆ ಹೇಗೆ ಒಲಿಯಿತು, ತಮ್ಮ ದಿನಚರಿ ಏನು. ಮೆಣಸಿನಕಾಯಿ ಸುದ್ದಿ ಹನ್ನೊಂದನೇ ಪ್ರಶ್ನಿಯೊಳಗ ಇತ್ತು, ಅದರ ಉತ್ತರ ಅದ: ತಾಳ್ಮೆ. ಸಾಹೇಬರು ಸಹಿ ಹಾಕಿದ್ರು. ಇದು ಬರೋಬ್ಬರಿ ನಡದ್ರ ನಿಮ್ಮ ಕರಾರಿಗೂ ಹಾಕ್ತೇನಿ ಅಂತ ನನಗ ಹೇಳಿದ್ರು.

ನನಗ ಕುಂತಲ್ಲಿ ಕುಂದ್ರಾಕ ಆಗವಲ್ದು, ನಿಂತಲ್ಲಿ ನಿಂದ್ರಾಕ ಆಗವಲ್ದು. ಎರಡು ದಿವಸ ವರಾಂಡ ಸವಿಸಿದ್ನಿ. ಹಳೇ ಹಾಳಿಗೊಳನ್ನೆಲ್ಲಾ ದಾರಾ ಕಟ್ಟಿ ಕಪಾಟಿನ್ಯಾಗ ಇಡೂ ಪದ್ಧತಿ ಇತ್ತು. ಸುಮ್ನ ಕಪಾಟು ತಗದು ಪಂಡಿತರ ಭಾಷಣ ಹುಡುಕಿದ್ನಿ. ದಸರಾದ್ದು ಓದಿದ್ನಿ, ದೀಪಾವಳೀದು ಓದಿದ್ನಿ, ಸಂಕ್ರಾಂತೀದು ಓದಿದ್ನಿ. ಒಂದ ಭಾಷಣ. ತಾರೀಖು ಅಷ್ಟ ಬ್ಯಾರೆ. ಮತ್ತ ಹಿಂದ ಹೋದ್ನಿ. ದಸರಾದ ಹಾಳಿ, ಅವರು ಹಿಂದ ಹತ್ತಿ ಮ್ಯಾಲೆ ಮಾಡಿದ ಭಾಷಣದ ಇನ್ನೊಂದು ಪ್ರತಿನ. 'ಹತ್ತಿ' ಅಂತ ಇದ್ದಲ್ಲೆಲ್ಲಾ ಗೀಟ ಎಳದು ಮ್ಯಾಲೆ 'ಮೆಣಸಿನಕಾಯಿ' ಅಂತ ಬರದಿದ್ರು. ಒಂದು ಕಡೆ ನೂಲಿನ ಸಾಲು ಹೊಡದು ಹಾಕೂದು ಮರತು, ಮೆಣಸಿನಕಾಯಿಯಿಂದ ನೂಲು ತಗಿಯೂ ಗಿರಣಿಗಳ ಬಗ್ಗೆ ಇತ್ತು. ಅದನ್ನ ಅವರು ಓದಿದ್ರು, ಸಾಹೇಬರು ಸಹಿ ಹಾಕಿದ್ರು, ಇಡೀ ಜಿಲ್ಲಾ ಕೇಳಿತ್ತು. ನಮ್ಮಾಕಿ ಪಾಟ್ಲಿ ಹೋಗಿದ್ದು ಆ ನೂಲಿನ ಸಲ್ವಾಗಿ.

ಹಾಳಿಗೊಳನ್ನ ಕೋಟಿನ ಕಿಸೆದಾಗ ತುರುಕಿಕೊಂಡ್ನಿ. ಸಿಪಾಯಿ ನೋಡಿ, ಏನರಿ ಕಾಕಾ ಒಯ್ಯಾಕತ್ತೀರಿ ಅಂದ. ನಿನ್ನ ಎರಡು ಚೀಲ ಅಂದ್ನಿ.

ಗಾಜಿನ ಆಚೆ ಸಾಹೇಬರು

ಮೊದಲನೇ ಪ್ರಶ್ನಿ ಹಾಳಿ ಪ್ರಕಾರನ ಕೇಳಿದ್ನಿ. ಸನ್ಮಾನ್ಯರೇ, ತಮ್ಮ ಬಾಲ್ಯ ಹೇಗಿತ್ತು. ಪಂಡಿತರು ಮೂಗಿನ ಮ್ಯಾಲೆ ಚಾಳೀಸು ಏರಿಸಿ ಬಾಲ್ಯ ಓದಿದ್ರು. ಅದು ಮುಗಿಯೂ ಹೊತ್ತಿಗೆ ನನ್ನ ಕಾಲು ತಾನ ಕುಣಿಯಾಕತ್ತಿತ್ತು. ನನ್ನ ಹಾಳಿ ಡಬ್ಬ ಹಾಕಿದ್ನಿ.

"ಪಂಡಿತರ, ಮೆಣಸಿನಕಾಯಿ ಯಾವಾಗ ಏರತೈತ್ರಿ?"

ಈಗ ಪಂಡಿತರ ಸ್ಥಿತಿ ನೋಡ್ರಿ. ಹತ್ತು ವರ್ಷ ಹಾಳಿ ಓದಿದ ಮನಷ್ಯಾ. ಪ್ರಶ್ನಿ ನಿಂತಿತು ಅಂದ್ರ ಕಣ್ಣು ತಾನ ಮುಂದಿನ ಸಾಲಿಗೆ ಹೋಗತೈತಿ, ಬಾಯಿ ತಾನ ಓದತೈತಿ. ಈ ವಿದ್ಯೆ ಹೇಗೆ ಒಲಿಯಿತು ಅನ್ನೂದಕ್ಕ ಬರಕೊಂಡು ಬಂದಿದ್ದ ಉತ್ತರ ಓದಿದ್ರು.

"ಅದು ಕೇವಲ ದೈವಸಂಕಲ್ಪ. ನಮ್ಮ ಮನೆತನದಲ್ಲಿ ಯಾರಿಗೂ ಅದರ ಗಂಧವೇ ಇರಲಿಲ್ಲ."

ಇಂಜಿನಿಯರ್ ಮತ್ತ ಟೇಬಲ್ಲಿನ ಕೆಳಗ ಹೋದ್ರು. ನಾ ಬಿಡ್ಲಿಲ್ಲ. ದಸರಾದಿಂದ ಮಂದಿ ನಿಮ್ಮ ಮಾತಿನ ಮ್ಯಾಲೆ ಚೀಲ ಹಿಡಕೊಂಡು ಕುಂತಾರಲ್ರಿ, ಅವರು ಈಗ ಏನು ಮಾಡಬೇಕು ಅಂದ್ನಿ. ಅವರ ಹಾಳಿಯೊಳಗ ಮುಂದಿನ ಉತ್ತರ ದಿನಚರೀದು.

"ಪ್ರಾತಃಕಾಲದಲ್ಲಿ ಎದ್ದು, ತಣ್ಣೀರಿನಲ್ಲಿ ಸ್ನಾನ ಮಾಡಿ, ಭಗವಂತನ ಧ್ಯಾನದಲ್ಲಿ ಮಗ್ನರಾಗುವುದು."

ಅಷ್ಟೊತ್ತಿಗೆ ಸಾಹೇಬರು ಓಡಿ ಬಂದ್ರು. ಆದ್ರ ದೀಪ ಹತ್ತಿದಾಗ ಯಾರೂ ಒಳಗ ಬರಬಾರದು ಅನ್ನೂ ಬೋರ್ಡು ಅವರ ಹಾಕಿಸಿದ್ದು. ಗಾಜಿಗೆ ಮಾರಿ ಹಚ್ಚಿ, ಸಹಿ ಹಾಕಿದ ಹಾಳಿ ತೋರಿಸಿ ತೋರಿಸಿ ಕೈ ಮಾಡಾಕತ್ತಿದ್ರು. ನನ್ನ ಕರಾರು ಆ ಗಾಜಿನ ಆಚೆ ನಿಂತಿತ್ತು. ಆದ್ರೂ ಕಿಸೆದಾಗಿನ ಹಾಳಿ ತಗದು ಒಂದೊಂದ ಓದಿದ್ನಿ. ಇದು ದಸರಾದಾಗ ನೀವು ಹೇಳಿದ್ದು. ಇದು ದೀಪಾವಳಿಯೊಳಗ. ಇದು ಸಂಕ್ರಾಂತಿಯೊಳಗ. ಇದು ಹತ್ತೀದು.

"ಪಂಡಿತರ, ಗೀಟ ಎಳದು ಧಾರಣಿ ಹೇಳ್ತೀರಲ್ರಿ. ನಿಮ್ಮ ಮಾತು ಕೇಳಿ ಒಬ್ಬಾಕಿ ಕೈಯಾಗಿನ ಪಾಟ್ಲಿ ಮಾರಿದ್ಲು. ಅಕಿಗೆ ಏನು ಹೇಳ್ತೀರಿ?"

ಪಂಡಿತರು ಬಾಯಿ ತಗದು ಹಾಳಿ ನೋಡಿದ್ರು. ನಾಕನೇ ಉತ್ತರ ಅಲ್ಲಿತ್ತು, ಆದ್ರ ಓದ್ಲಿಲ್ಲ. ರೇಡಿಯೋದಾಗ ಸುಮ್ನ ಕುಂದ್ರೂದು ದೊಡ್ಡ ಗುನ್ಹೆ, ಅರ್ಧ ಮಿನಿಟ ಇಬ್ಬರೂ ಸುಮ್ನ ಕುಂತ್ವಿ. ಆಮ್ಯಾಲೆ ಚಾಳೀಸು ತಗದು ಟೇಬಲ್ಲಿನ ಮ್ಯಾಲೆ ಇಟ್ರು. ಅವರ ಮನೀ ಮಾತು ನಾ ಆವತ್ತ ಮೊದಲ ಕೇಳಿದ್ದು.

"ನನಗ ಗೊತ್ತಿಲ್ಲೋ ಕಾಕಾ. ಏರತೈತೋ ಇಳಿತೈತೋ, ಆ ದೇವರಾಣಿ ನನಗ ಗೊತ್ತಿಲ್ಲ. ನನ್ನ ಮನ್ಯಾಗೂ ಹದಿನಾಕು ಚೀಲ ಅದಾವ."

"ನೀವು ಯಾಕ ತಗೊಂಡ್ರಿ?"

"ನಾ ಎಲ್ಲಿ ತಗೊಂಡೆ? ರೇಡಿಯೋದಾಗ ನನ್ನ ಭಾಷಣ ಕೇಳಿ ನಮ್ಮ ಮನಿಯವರು ತಗೊಂಡ್ರು. ಬ್ಯಾಡ ಅನ್ನಾಕ ನನಗ ಬಾಯಿ ಎಲ್ಲೈತಿ? ಹೇಳಿದಾಂವ ನಾನ."

ಜಗಳ ಆಡಾಕ ಬಂದಿದ್ನಿ, ಹಾಳಿ ಮಡಿಚಿ ಕಿಸೆದಾಗ ಇಟ್ನಿ. ಪಂಡಿತರು ಘಾಟಿಗೆ ಪಡಸಾಲಿಯೊಳಗ ಮಲಗತಿದ್ರಂತ. ಅದನ್ನ ಹೇಳಿಕೋತ ಕೆಮ್ಮಿದ್ರು. ಅವರದು ಕೇಳಿ ನನಗೂ ಬಂತು. ಇಬ್ಬರೂ ಕೂಡಿ, ಇಡೀ ಜಿಲ್ಲಾಕ್ಕ ಕೇಳೂಹಂಗ, ಬರದ ಇಲ್ಲದ ಕೆಮ್ಮು ಕೆಮ್ಮಿದ್ವಿ. ಕಡೀಕ ಪಂಡಿತರು ಮೈಕಿನ ಸನೇಕ ಬಗ್ಗಿ, "ಮಾರಿಬಿಡ್ರೆಪಾ. ನನ್ನ ಮಾತು ಕೇಳಬ್ಯಾಡ್ರಿ" ಅಂದ್ರು. ದೀಪ ಆರಿತು.

ಸಾಹೇಬರು ಒಳಗ ಬಂದ್ರು. ನನ್ನ ಕರಾರು ಹೋತು ಅಂತ ಎದ್ದು ನಿಂತ್ನಿ. ಅವರಿಗೆ ಸಿಟ್ಟಿಗಿಂತ ಅಂಜಿಕಿ ಜಾಸ್ತಿ ಆಗಿತ್ತು. ಸಹಿ ಆದ ಹಾಳಿಗೂ ಆದ ಮಾತಿಗೂ ತಾಳ ಇಲ್ಲ, ನಾಳಿ ಮ್ಯಾಲಿನವರು ಕೇಳಿದ್ರ? ಇಬ್ಬರನ್ನೂ ಅಲ್ಲೇ ಕುಂದ್ರಿಸಿ, ಏನೇನು ಮಾತಾಡಿದ್ವೋ ಎಲ್ಲಾ ಬರೆಸಿದ್ರು. ಅರ್ಧ ಮಿನಿಟ ಸುಮ್ನ ಕುಂತಿದ್ದು, ಪಂಡಿತರ ಕೆಮ್ಮು ನಾಕು, ಕಾಕಾನ ಕೆಮ್ಮು ಆರು, ಎಲ್ಲಾ ಹಾಳಿಗೆ ಬಂತು. ಪ್ರತಿ ಹಾಳಿಗೆ ಮುಂಜಾನಿ ಟೈಮ್ ಹಾಕಿ ಸಹಿ ಮಾಡಿದ್ರು. ಆಮ್ಯಾಲೆ ನನ್ನ ಕರಾರಿಗೂ ಸಹಿ ಮಾಡಿದ್ರು. ಇವತ್ತಿನ ಕಾರ್ಯಕ್ರಮ ಹಾಳಿ ಪ್ರಕಾರ ಒಂದಕ್ಷರ ಆಚೀಚೆ ಆಗಿಲ್ಲ, ಹಿಂಗ ಇರಬೇಕು ಅಂದ್ರು.

ಹಸರು ಬಳಿ

ಬಸ್ಸಿನ್ಯಾಗ ಕರಾರು ಮತ್ತ ಮತ್ತ ತಗದು ನೋಡಿಕೋತ ಬಂದ್ನಿ. ಅರ್ಧ ದಾರಿ ಆಗಿತ್ತೋ ಇಲ್ಲೋ, ಒಮ್ಮಿಂದೊಮ್ಮೆ ಹೊಳೀತು. ಮಾರಿಬಿಡ್ರಿ ಅಂತ ಪಂಡಿತರ ಬಾಯಿಲೆ ಹೇಳಿಸಿ ಬಂದೇನಿ. ನಾಳಿ ಮುಂಜಾನಿ ಇಡೀ ಜಿಲ್ಲಾದ ಮೆಣಸಿನಕಾಯಿ ಹುಬ್ಬಳ್ಳಿ ಪ್ಯಾಟ್ಯಾಗ ಬಂದು ನಿಂದ್ರತೈತಿ. ಕೇಳೂ ಮಂದಿ ಇರಂಗಿಲ್ಲ. ನಮ್ಮ ಆರು ಚೀಲ ಯಾರು ತಗೋತಾರ? ಅಕಿ ಪಾಟ್ಲಿ ಬರಿಸ್ತೇನಿ ಅಂತ ಹೋಗಿ, ಅವನ್ನ ನನ್ನ ಕೈಯಾರೆ ಮುಳಿಗಿಸಿ ಬಂದಿದ್ನಿ. ನನ್ನಷ್ಟು ಹುಚ್ಚ ಇನ್ನೊಬ್ಬ ಇಲ್ಲ ಅಂತ ನನಗ ನಾನ ಬೈಕೊಂಡ್ನಿ. ಬಸ್ಸಿಳದು ಕಮರಿಪೇಟಿಗೆ ಅರ್ಧ ಓಡಿದ್ನಿ, ಅರ್ಧ ನಡದ್ನಿ. ಅಕಿ ಮುಂದ ಏನು ಹೇಳಬೇಕು ಅನ್ನೂದನ್ನ ಮೂರು ತರಾ ಮಾಡಿಕೊಂಡ್ನಿ, ಮೂರೂ ಸೇರ್ಲಿಲ್ಲ.

ಬಾಗಲಾ ಒಂದ ಸಲಕ್ಕ ಪೂರಾ ತೆಗೀತು. ಒಳಗ ಬೀಳೂದು ಒಂದು ಉಳದಿತ್ತು. ಖೋಲಿ ಖಾಲಿ. ನೆಲಾ ತೊಳದಿತ್ತು. ಒಂದು ಚೀಲಾನೂ ಇರ್ಲಿಲ್ಲ.

ನಮ್ಮಾಕಿ ಒಳಗ ರೊಟ್ಟಿ ಬಡಿಯಾಕತ್ತಿದ್ಲು. ಬಳಿ ಸಪ್ಪಳಾ ಕೇಳ್ತಿತ್ತು. ಚೀಲ ಎಲ್ಲಿ ಅಂತ ಕೇಳಿದ್ನಿ. ಸೆರಗಿನ ಗಂಟು ತೋರಿಸಿದ್ಲು. ಪಾಟ್ಲಿ ಮಾರಿದ ರೊಕ್ಕ ಅಷ್ಟಕ್ಕಷ್ಟ ಬಂದಿತ್ತು. ನಾಳಿ ಅಕ್ಕಸಾಲಿಗ ತಿರುಗಿ ಕೊಡ್ತಾನಂತ, ಇನ್ನೂ ಕರಗಿಸಿಲ್ಲಂತ. ರೇಡಿಯೋ ಬರಂಗಿಲ್ಲ, ಆ ಕಟ್ಟೀನ ಗತಿ ಅಂದ್ಲು.

ಯಾರಿಗೆ ಮಾರಿದಿ ಅಂದ್ನಿ. ಇನ್ಯಾರಿಗೆ, ತಂದಲ್ಲೇ ಕೊಟ್ಟೆ, ಸಾವುಕಾರರಿಗೆ ಅಂದ್ಲು. ಧಾರಣಿ ಇಳದಾಗ ಆ ಮನಷ್ಯಾ ಹಳೇ ರೇಟಿಗೆ ಹೆಂಗ ತಗೊಂಡ ಅಂತ ನನಗ ತಿಳೀಲಿಲ್ಲ. ನಿಧಾನಕ್ಕ ಹೇಳಿದ್ಲು. ಸಾವುಕಾರರು ಪಂಡಿತರ ಭಕ್ತರಂತ. ಪಂಡಿತರು ಇವತ್ತು ರೇಡಿಯೋದಾಗ ಬರ್ತಾರ, ನಾಳಿ ಧಾರಣಿ ಏರೂದ ಅಂತ ಮುಂಜಾನಿಂದ ಹೇಳ್ಕೋತ ಕುಂತಿದ್ರಂತ. ಇಕಿ ಹೋಗಿ, ಗಂಡಗ ಕೆಮ್ಮು, ನಾಳೀತನಾ ತಡಿಯಂಗಿಲ್ಲ, ಕೊಟ್ಟ ರೊಕ್ಕ ಕೊಟ್ಟ್ರ ಸಾಕು, ಏರಿದ ಲಾಭ ನಿಮಗ ಅಂದ್ಲಂತ. ಅವರು ಹೂಂ ಅನ್ಲೋ ಬ್ಯಾಡೋ ಅಂತ ಕುಂತಿದ್ರು. ಅಷ್ಟ್ರಾಗ ರೇಡಿಯೋದಾಗ ಪಂಡಿತರು ತಣ್ಣೀರ ಸ್ನಾನ, ಭಗವಂತನ ಧ್ಯಾನ ಅಂದ್ರಲ್ಲ, ಸಾವುಕಾರರು ರೇಡಿಯೋಕ್ಕ ಎರಡೂ ಕೈ ಮುಗದು, ಇಂಥಾ ಪುಣ್ಯವಂತರ ಮಾತು ಸುಳ್ಳಾಗತೈತೇನು ಅಂತ ಪೆಟ್ಟಿಗಿ ತಗದ್ರಂತ. ಪಂಡಿತರು ಮಾರಿಬಿಡ್ರಿ ಅನ್ನೂ ಹೊತ್ತಿಗೆ ಹಮಾಲರು ಆರನೇ ಚೀಲ ಅವರ ಅಂಗಡಿಯೊಳಗ ಇಳಿಸಿದ್ರು.

ನಾ ಚಾಪಿ ಮ್ಯಾಲೆ ಕುಂತುಬಿಟ್ಟೆ. ಪಂಡಿತರು ಹಂಗ ಹೇಳ್ತಾರ ಅಂತ ನನಗ ಗೊತ್ತಿರ್ಲಿಲ್ಲ, ಪಂಡಿತರಿಗೂ ಗೊತ್ತಿರ್ಲಿಲ್ಲ. ನಾಕು ತಿಂಗಳು ತಾಳ್ಮೆ ತಾಳ್ಮೆ ಅಂದಾಕಿ, ಇವತ್ತ ಮಾರಬೇಕು ಅಂತ ನಿನಗ ಹೆಂಗ ತಿಳೀತು ಅಂತ ಕೇಳಿದ್ನಿ.

ಅಕಿ ರೊಟ್ಟಿ ಹೊಳ್ಳಿ ಹಾಕಿ ನನ್ನ ಕಡೆ ನೋಡಿದ್ಲು.

"ನೀವು ಸನ್ಮಾನ್ಯರೇ ಅನ್ನೂದು ಬಿಟ್ಟು 'ಪಂಡಿತರ' ಅಂದ್ರಲ್ಲ, ಆವಾಗ ಎದ್ದ್ನಿ. ಎಂಟು ವರ್ಷ ಆತು ನಿಮ್ಮ ಕೂಡ ಬಾಳ್ವೆ ಮಾಡಾಕತ್ತು. ನೀವು ಆ ದನೀಲೆ ಕೇಳಾಕ ಕುಂತ್ರ ಎದುರಿಗಿದ್ದವರು ತಡಕೊಳ್ಳಂಗಿಲ್ಲ, ಖರೇ ಹೇಳಿಬಿಡ್ತಾರ. ಖರೇ ಹೇಳಿದ ಮ್ಯಾಲೆ ಮೆಣಸಿನಕಾಯಿ ಯಾರು ತಗೋತಾರ್ರಿ?"